ಎದೆಹಾಲು ಮಾತ್ರ: ನಾಲತವಾಡ ಸೀಮೆಯಲ್ಲಿ ಮೊದಲ ಆರು ತಿಂಗಳ ಉಣಿಸುವಿಕೆ

ಹುಟ್ಟಿದ ಕೂಸಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಎದೆಹಾಲು ಬಿಟ್ಟು ಬೇರೇನನ್ನೂ ಕೊಡದಿರುವ ಪದ್ಧತಿ. ನೀರೂ ಇಲ್ಲ. ವೈದ್ಯರು ಬರೆದುಕೊಟ್ಟ ಔಷಧ, ವಿಟಮಿನ್ ಹನಿ, ಭೇದಿಯಾದಾಗ ಓಆರ್‌ಎಸ್ ದ್ರಾವಣ, ಇಷ್ಟಕ್ಕೆ ಮಾತ್ರ ವಿನಾಯಿತಿ. ತಾಯಿ ಹಿಂಡಿಟ್ಟ ಹಾಲನ್ನು ಬಟ್ಟಲು ಚಮಚದಿಂದ ಕುಡಿಸಿದರೂ ಅದು ಎದೆಹಾಲೇ. ವಿಶ್ವ ಆರೋಗ್ಯ ಸಂಸ್ಥೆ ಮೊದಲು ಈ ಅವಧಿಯನ್ನು ನಾಲ್ಕರಿಂದ ಆರು ತಿಂಗಳು ಎಂದು ಹೇಳುತ್ತಿತ್ತು. 2001ರಿಂದ ಪೂರ್ತಿ ಆರು ತಿಂಗಳು ಎಂದು ಗೊತ್ತುಮಾಡಿತು. ಆಮೇಲೆ ಮೆತ್ತನೆಯ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಮುಂದುವರಿಯಬೇಕು. ಕೂಸಿಗೆ ಭೇದಿ, ನ್ಯುಮೋನಿಯಾ, ಕಿವಿ ಸೋರುವ ಕಾಯಿಲೆಗಳು ಕಡಿಮೆ. ತಾಯಿಗೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಅಪಾಯ ಕಡಿಮೆ. ಎದೆಹಾಲುಣಿಸುವಿಕೆ ಜಗತ್ತಿನಾದ್ಯಂತ ಇರಬೇಕಾದಷ್ಟಿದ್ದರೆ ವರ್ಷಕ್ಕೆ ಸುಮಾರು 8,23,000 ಮಕ್ಕಳ ಸಾವು ತಪ್ಪೀತು ಎಂದು 2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಲೇಖನಮಾಲೆ ಅಂದಾಜಿಸಿತು.

ಲಾಭಗಳ ಬಗ್ಗೆ ತಕರಾರಿಲ್ಲ. ಬೇಕೆಂದು ಹೊರಟ ತಾಯಿಗೆ ಅದು ಯಾಕೆ ಕೈಗೂಡುತ್ತದೆ, ಯಾಕೆ ಕೈಗೂಡುವುದಿಲ್ಲ ಎಂಬುದೇ ಈ ಲೇಖನದ ವಿಷಯ. ಇಲ್ಲಿ ಆರಿಸಿಕೊಂಡ ನೆಲ ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲೂಕಿನ ನಾಲತವಾಡ ಮತ್ತು ಅದರ ಸುತ್ತಿನ ಸೀಮೆ; ಅಂದರೆ ಮುದ್ದೇಬಿಹಾಳದ ಜೊತೆಗೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಭಾಗಗಳು. ನಾಲತವಾಡ ವೀರೇಶ್ವರ ಶರಣರ ಊರು, ಪಟ್ಟಣ ಪಂಚಾಯಿತಿ ಇರುವ ಸಣ್ಣ ಪೇಟೆ. ಕೃಷ್ಣೆಯ ನಾರಾಯಣಪುರ ಜಲಾಶಯ ಇಲ್ಲಿಗೆ ದೂರವಲ್ಲ. ಬಿಳಿಜೋಳ, ತೊಗರಿ, ಸೂರ್ಯಕಾಂತಿಯ ಒಣಬೇಸಾಯ, ಲಂಬಾಣಿ ತಾಂಡಾಗಳು, ಸುಗ್ಗಿ ಮುಗಿದೊಡನೆ ಗೋವಾ ಮತ್ತು ಮಹಾರಾಷ್ಟ್ರದ ಕಡೆಗೆ ಹೊರಡುವ ಕೂಲಿಕಾರರು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು: ಈ ನಾಲ್ಕೂ ಸಂಗತಿಗಳು ಕೂಸಿನ ಬಾಯಿಗೆ ಏನು ಹೋಗುತ್ತದೆ ಎಂಬುದನ್ನು ಮುಟ್ಟುತ್ತವೆ.

ಅಂಕಿಗಳು ಹೇಳುವುದು, ಮುಚ್ಚುವುದು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ (2015–16) ಕರ್ನಾಟಕದ ಆರು ತಿಂಗಳೊಳಗಿನ ಕೂಸುಗಳಲ್ಲಿ ಎದೆಹಾಲು ಮಾತ್ರ ಕುಡಿಯುತ್ತಿದ್ದವು ಸುಮಾರು ಶೇ. 54. ಐದನೇ ಸುತ್ತಿನಲ್ಲಿ (2019–21) ಅದು ಶೇ. 61ಕ್ಕೆ ಏರಿತು. ದೇಶದ ಲೆಕ್ಕ ಅದೇ ಅವಧಿಯಲ್ಲಿ ಶೇ. 55ರಿಂದ ಶೇ. 64ಕ್ಕೆ ಬಂತು. ನೋಡಲು ಚೆನ್ನಾಗಿದೆ. ಆದರೆ ಈ ಸಂಖ್ಯೆ ಸಿಗುವ ಬಗೆ ಬೇರೆ: ಮನೆಗೆ ಬಂದ ಸಮೀಕ್ಷಕರು ಹಿಂದಿನ ಒಂದು ಹಗಲು ಒಂದು ರಾತ್ರಿಯಲ್ಲಿ ಕೂಸಿಗೆ ಏನೇನು ಕೊಟ್ಟಿರಿ ಎಂದು ಕೇಳುತ್ತಾರೆ. ಹದಿನೈದು ದಿನದ ಕೂಸೂ ಐದು ತಿಂಗಳ ಕೂಸೂ ಒಂದೇ ಬುಟ್ಟಿಗೆ ಬೀಳುತ್ತವೆ. ಮೊದಲೆರಡು ತಿಂಗಳಲ್ಲಿ ಪ್ರಮಾಣ ಹೆಚ್ಚು, ನಾಲ್ಕೈದನೇ ತಿಂಗಳಲ್ಲಿ ಬಹಳ ಕಡಿಮೆ. ಹಾಗಾಗಿ ಶೇ. 61 ತಾಯಂದಿರು ಆರು ತಿಂಗಳು ಮುಗಿಸಿದರು ಎಂದು ಓದುವುದು ತಪ್ಪು. ಮುಗಿಸುವವರು ಅದಕ್ಕಿಂತ ತುಂಬ ಕಡಿಮೆ.

ಇನ್ನೊಂದು ಅಂಕಿ ಇದಕ್ಕಿಂತ ಕಸಿವಿಸಿ ಹುಟ್ಟಿಸುವಂಥದು. ಇದೇ ಎರಡು ಸಮೀಕ್ಷೆಗಳ ನಡುವೆ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ ಶೇ. 94ರಿಂದ ಶೇ. 97ಕ್ಕೆ ಏರಿದೆ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆ ಹಿಡಿದ ಮಕ್ಕಳ ಪ್ರಮಾಣ ಮಾತ್ರ ಶೇ. 56ರಿಂದ ಶೇ. 49ಕ್ಕೆ ಇಳಿದಿದೆ. ಎಲ್ಲರೂ ಆಸ್ಪತ್ರೆಗೆ ಬಂದಮೇಲೂ ಆಸ್ಪತ್ರೆಯೇ ಮಾಡಿಸಬಹುದಾದ ಕೆಲಸ ಹಿಂದೆ ಬಿದ್ದಿದೆ ಎಂದರೆ, ದೋಷವನ್ನು ತಾಯಿಯ ತಿಳಿವಳಿಕೆಯ ಮೇಲೆ ಹೊರಿಸಲಾಗದು.

ಮೊದಲ ಗಂಟೆ, ಮೊದಲ ಮೂರು ದಿನ

ಹುಟ್ಟಿದ ಕೂಡಲೇ ಕೂಸನ್ನು ಒರೆಸಿ ತಾಯಿಯ ಎದೆಯ ಮೇಲೆ ಬೋರಲು ಮಲಗಿಸಿದರೆ, ಹೆಚ್ಚಿನ ಕೂಸುಗಳು ಒಂದು ಗಂಟೆಯೊಳಗೆ ತಾವಾಗಿಯೇ ಮೊಲೆತೊಟ್ಟು ಹುಡುಕುತ್ತವೆ. ಈ ಹೊತ್ತಿನಲ್ಲಿ ಕೂಸು ಎಚ್ಚರವಾಗಿರುತ್ತದೆ. ಆಮೇಲೆ ಗಾಢ ನಿದ್ದೆಗೆ ಜಾರುತ್ತದೆ. ತೂಕ ಮಾಡುವುದು, ಸ್ನಾನ ಮಾಡಿಸುವುದು, ಹೊರಗೆ ಕಾದ ಬಂಧುಗಳಿಗೆ ತೋರಿಸುವುದು, ಇವುಗಳಲ್ಲಿ ಆ ಗಂಟೆ ಕಳೆದುಹೋದರೆ ಮುಂದಿನ ಪ್ರಯತ್ನ ಕಷ್ಟವಾಗುತ್ತದೆ. ಘಾನಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎಲ್ಲ ಕೂಸುಗಳೂ ಮೊದಲ ಗಂಟೆಯಲ್ಲೇ ಎದೆಹಾಲು ಕುಡಿದರೆ ನವಜಾತ ಸಾವುಗಳಲ್ಲಿ ಶೇ. 22ರಷ್ಟನ್ನು ತಪ್ಪಿಸಬಹುದು ಎಂದು ಲೆಕ್ಕ ಹಾಕಿತ್ತು.

ಸಿಜೇರಿಯನ್ ಇಲ್ಲಿ ದೊಡ್ಡ ಅಡ್ಡಿ. ಕರ್ನಾಟಕದಲ್ಲಿ ಅದರ ಪಾಲು ಎರಡು ಸಮೀಕ್ಷೆಗಳ ನಡುವೆ ಶೇ. 23.6ರಿಂದ ಶೇ. 31.5ಕ್ಕೆ ಏರಿದೆ. ಬೆನ್ನಿಗೆ ಅರಿವಳಿಕೆ ಚುಚ್ಚಿದ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಹೊಲಿಗೆ ನಡೆಯುತ್ತಿರುವಾಗಲೇ ಕೂಸನ್ನು ಅವಳ ಎದೆಗೆ ತರಬಹುದು. ಆಪರೇಷನ್ ಕೋಣೆಯಲ್ಲಿ ಕೂಸನ್ನು ಹಿಡಿದು ನಿಲ್ಲಲು ಒಬ್ಬ ಶುಶ್ರೂಷಕಿ ಬೇಕು, ಅಷ್ಟೆ. ಆ ಒಬ್ಬಳು ಇಲ್ಲದಿರುವುದೇ ಕೊರತೆ. ಹೊಲಿಗೆಯ ಹೊಟ್ಟೆಗೆ ಭಾರ ಬೀಳದಂತೆ ಪಕ್ಕಕ್ಕೆ ಮಲಗಿ ಅಥವಾ ಕೂಸನ್ನು ಕಂಕುಳ ಕೆಳಗಿಂದ ಹಿಡಿದು ಕುಡಿಸುವ ಭಂಗಿಯನ್ನು ಯಾರಾದರೂ ತೋರಿಸಿಕೊಡಬೇಕು. ತೋರಿಸದಿದ್ದರೆ ಎರಡನೇ ದಿನಕ್ಕೆ ಪುಡಿ ಹಾಲಿನ ಡಬ್ಬಿ ಬರುತ್ತದೆ.

ಮೊದಲ ಎರಡು ಮೂರು ದಿನ ಬರುವ ಹಳದಿ ಬಣ್ಣದ ಮಂದ ಹಾಲು ಪ್ರಮಾಣದಲ್ಲಿ ಕಡಿಮೆ, ರೋಗನಿರೋಧಕ ಅಂಶಗಳಲ್ಲಿ ದಟ್ಟ. ಆಕಳು ಎಮ್ಮೆ ಈದಾಗ ಗಿಣ್ಣದ ಹಾಲನ್ನು ಕಾಯಿಸಿ ಓಣಿಗೆಲ್ಲ ಹಂಚುವ ಮನೆಯಲ್ಲೇ ಮಗಳ ಮೊದಲ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿಸುವ ರೂಢಿ ಇತ್ತು. ಈಗ ಬಹಳಷ್ಟು ಕಡಿಮೆಯಾಗಿದೆ. ಇದು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಗೆದ್ದ ವಾದ. ಅವರಿನ್ನೂ ಗೆಲ್ಲದ ವಾದ ಪ್ರಮಾಣದ್ದು. ಒಂದು ದಿನದ ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಒಂದೆರಡು ಚಮಚೆಯಷ್ಟು ಮಾತ್ರ. ಅಷ್ಟನ್ನು ಮೊದಲ ಹಾಲೇ ತುಂಬುತ್ತದೆ. ಮಂದ ಹಾಲು ತಿಳಿಯಾಗಿ ಎದೆ ತುಂಬಿ ಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನಕ್ಕೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಾದವರನ್ನು 48 ಗಂಟೆ ಇಟ್ಟುಕೊಂಡು ಮನೆಗೆ ಕಳಿಸುವುದು ನಿಯಮ. ಎಂದರೆ ಮುದ್ದೇಬಿಹಾಳದ ತಾಲೂಕು ಆಸ್ಪತ್ರೆಯಿಂದ ನಾಲತವಾಡದ ಮನೆ ತಲುಪಿದ ತಾಯಿಯ ಎದೆ ಇನ್ನೂ ತುಂಬಿರುವುದಿಲ್ಲ. ಕೂಸು ಅಳುತ್ತದೆ, ಸುತ್ತ ಹಿರಿಯರು ಕೂತಿದ್ದಾರೆ, ಶುಶ್ರೂಷಕಿ ಇಲ್ಲ. ಸಕ್ಕರೆ ನೀರು, ಜೇನುತುಪ್ಪ, ಆಕಳ ಹಾಲು ಒಳಗೆ ನುಗ್ಗುವುದು ಆ ರಾತ್ರಿ.

ನೀರು, ಗುಟ್ಟಿ, ಕತ್ತೆ ಹಾಲು

ಈ ಸೀಮೆಯಲ್ಲಿ ಎದೆಹಾಲಿನ ಏಕಾಂತವನ್ನು ಮುರಿಯುವ ಮೊದಲ ವಸ್ತು ನೀರು. ‘ಕೂಸಿನ ಗಂಟಲಾ ಒಣಗೇತಿ, ಒಂದ ಹನಿ ನೀರ ಹಾಕ್ರಿ’ ಎನ್ನುವುದು ಏಪ್ರಿಲ್ ಬಿಸಿಲಲ್ಲಿ ಕರುಣೆಯ ಮಾತು. ಅದನ್ನು ಅಜ್ಞಾನ ಎಂದು ಬದಿಗೆ ಸರಿಸುವವರು ವಿಜಯಪುರದ ಬೇಸಿಗೆಯಲ್ಲಿ ತಗಡಿನ ಮನೆಯಲ್ಲಿ ಮಧ್ಯಾಹ್ನ ಕಳೆದವರಲ್ಲ. ಆದರೆ ಎದೆಹಾಲಿನಲ್ಲಿ ಹತ್ತಿರ ಹತ್ತಿರ ಶೇ. 88 ಭಾಗ ನೀರೇ ಇದೆ. ಬೇಸಿಗೆಯಲ್ಲಿ ಎದೆಹಾಲು ಮಾತ್ರ ಕುಡಿಯುವ ಕೂಸುಗಳಿಗೆ ಮೇಲಿಂದ ನೀರು ಬೇಕೇ ಎಂಬುದನ್ನು ಭಾರತದ ಮಕ್ಕಳ ತಜ್ಞರೇ ಪರೀಕ್ಷಿಸಿ 1991ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು; ಬೇಡ ಎಂಬುದು ಅವರ ತೀರ್ಮಾನ. ಹೊಟ್ಟೆಯ ಜಾಗವನ್ನು ನೀರು ತಿಂದಷ್ಟೂ ಹಾಲಿನ ಹೀರಿಕೆ ತಗ್ಗುತ್ತದೆ, ಹೀರಿಕೆ ತಗ್ಗಿದಷ್ಟೂ ಎದೆ ಕಡಿಮೆ ಹಾಲು ಮಾಡುತ್ತದೆ. ಕೊಡಪಾನದಲ್ಲಿ ತುಂಬಿಟ್ಟ ನೀರಿನ ಶುಚಿಯ ಪ್ರಶ್ನೆ ಬೇರೆ ಇದ್ದೇ ಇದೆ. ಬಿಸಿಲಿನಲ್ಲಿ ಬೇಕಾದದ್ದು ಪದೇ ಪದೇ ಮೊಲೆ ಹಿಡಿಸುವುದು, ಮತ್ತು ತಾಯಿಗೆ ನೀರು. ತಮಾಷೆಯೆಂದರೆ, ಹೊಟ್ಟೆ ಬರುತ್ತದೆ ಎಂದು ಬಾಣಂತಿಗೆ ನೀರು ಕಡಿಮೆ ಮಾಡಿ ಕೂಸಿಗೆ ನೀರು ಕೊಡುವ ಮನೆಗಳಿವೆ.

ನೀರಿನ ಹಿಂದೆ ಬರುವುದು ಗುಟ್ಟಿ. ಬಜೆ, ಅಳಲೆಕಾಯಿ, ಜಾಯಿಕಾಯಿ ಮುಂತಾದವನ್ನು ಸಾಣೆಕಲ್ಲಿನ ಮೇಲೆ ತೇದು ನೆಕ್ಕಿಸುವುದು ಇಲ್ಲಿ ಹಳೆಯ ಪದ್ಧತಿ. ಪೇಟೆಯಲ್ಲಿ ಬಾಟಲಿಯ ಜನ್ಮಘುಟ್ಟಿ ಮತ್ತು ಗ್ರೈಪ್ ವಾಟರ್ ಸಿಗುತ್ತವೆ. ಔಡಲೆಣ್ಣೆ ಹನಿ ಹಾಕುವುದೂ ಇದೆ. ಕೆಲವು ಊರುಗಳ ಓಣಿಗಳಲ್ಲಿ ಕತ್ತೆ ಹೊಡೆದುಕೊಂಡು ಬಂದು ಬಾಗಿಲಲ್ಲೇ ಹಿಂಡಿ ಚಮಚೆ ಲೆಕ್ಕದಲ್ಲಿ ಮಾರುವವರ ಕತ್ತೆ ಹಾಲಿಗೆ ಕೆಮ್ಮು, ನೆಗಡಿ, ದಮ್ಮು ಬಾರದಿರಲೆಂಬ ನಂಬಿಕೆಯಿಂದ ಗಿರಾಕಿಗಳಿದ್ದಾರೆ. ಸಾಕುಪ್ರಾಣಿಗಳ ಹಾಲುಗಳಲ್ಲಿ ಕತ್ತೆ ಹಾಲು ಮನುಷ್ಯರ ಹಾಲಿಗೆ ಹತ್ತಿರದ್ದು ಎಂಬುದು ನಿಜ. ಕಾಯಿಸದೆ, ತೊಳೆಯದ ಕೈಯಿಂದ ಹಿಂಡಿ, ಒಂದೇ ಚಮಚೆಯಿಂದ ಹಲವು ಮನೆಗಳ ಕೂಸುಗಳಿಗೆ ಕುಡಿಸಿದಾಗ ಆ ಹೋಲಿಕೆಯಿಂದ ಏನೂ ಉಪಯೋಗವಿಲ್ಲ. ಜೇನುತುಪ್ಪದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು: ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣುಗಳಿಂದಾಗಿ ಒಂದು ವರ್ಷದೊಳಗಿನ ಮಗುವಿಗೆ ಅದನ್ನು ಮುಟ್ಟಿಸಬಾರದು.

ಇವೆಲ್ಲದರ ಹಿಂದಿರುವುದು ದುರುದ್ದೇಶವಲ್ಲ, ಹೊಸ ಜೀವಕ್ಕೆ ತನ್ನ ಕೈಯಿಂದ ಏನಾದರೂ ಮಾಡಬೇಕೆಂಬ ಹಿರಿಯಳ ಹಂಬಲ. ಅದಕ್ಕೆ ಬೇರೆ ಕೆಲಸ ಕೊಟ್ಟರೆ ಗುಟ್ಟಿ ತಾನಾಗಿ ಹಿಂದೆ ಸರಿಯುತ್ತದೆ: ಎಣ್ಣೆ ತಿಕ್ಕುವುದು, ಎದೆಗೊತ್ತಿ ಬೆಚ್ಚಗಿಡುವುದು, ಹಾಲು ಕುಡಿದಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸುವುದು.

‘ಹಾಲ ಸಾಲವಲ್ದು’

ಎಲ್ಲ ದೇಶಗಳಲ್ಲೂ ಎದೆಹಾಲು ಮಾತ್ರ ಎಂಬ ನಿರ್ಧಾರ ಕುಸಿಯಲು ತಾಯಂದಿರು ಕೊಡುವ ಮೊದಲ ಕಾರಣ ಹಾಲು ಸಾಲುತ್ತಿಲ್ಲ ಎಂಬುದು. ಮುದ್ದೇಬಿಹಾಳದಲ್ಲೂ ಅದೇ ಮಾತು. ಜೊತೆಗೆ ಹಾಲಿಗೆ ದೃಷ್ಟಿ ತಾಗಿತು ಎಂಬ ವಿವರಣೆಯೂ ಸೇರುತ್ತದೆ. ನಿಜವಾಗಿ ದೇಹವೇ ಸಾಕಷ್ಟು ಹಾಲು ಮಾಡಲಾಗದ ತಾಯಂದಿರು ಕೆಲವರಷ್ಟೇ. ಉಳಿದವರಲ್ಲಿ ಆಗಿರುವುದು ಇಷ್ಟು: ಕೂಸು ಸರಿಯಾಗಿ ಮೊಲೆ ಹಿಡಿದಿಲ್ಲ, ಅಥವಾ ದಿನಕ್ಕೆ ಹಿಡಿಸಿದ ಸಲಗಳು ಕಡಿಮೆ, ಅಥವಾ ರಾತ್ರಿ ಕೂಸನ್ನು ಬೇರೆಯವರು ಮಲಗಿಸಿಕೊಂಡಿದ್ದಾರೆ.

ಕೂಸು ಹೀರಿದಾಗ ಮಿದುಳಿನ ಬುಡದ ಗ್ರಂಥಿಯಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲು ತಯಾರಿಸುತ್ತದೆ. ರಾತ್ರಿ ಇದರ ಮಟ್ಟ ಹೆಚ್ಚು, ಆದ್ದರಿಂದ ರಾತ್ರಿಯ ಮೊಲೆಯೂಟ ಬಿಡಬಾರದು. ಆಕ್ಸಿಟೋಸಿನ್ ತಯಾರಾದ ಹಾಲನ್ನು ಹೊರಗೆ ಒತ್ತುತ್ತದೆ. ಹೆದರಿಕೆ, ನೋವು, ಮನೆಯವರ ಕೊಂಕು ಇದನ್ನು ತಡೆಯುತ್ತವೆ. ಹೆಣ್ಣು ಹುಟ್ಟಿತೆಂದು ಮುಖ ಸಣ್ಣದು ಮಾಡಿಕೊಂಡವರ ನಡುವೆ ಕೂತ ತಾಯಿಗೆ ಹಾಲು ಇಳಿಯಲಿಲ್ಲವೆಂದರೆ ಅದರಲ್ಲಿ ಶರೀರಶಾಸ್ತ್ರವೂ ಇದೆ. ಎದೆಯಲ್ಲಿ ಹಾಲು ಉಳಿದಷ್ಟೂ ಹೊಸ ಹಾಲಿನ ತಯಾರಿ ನಿಧಾನವಾಗುತ್ತದೆ, ಬರಿದಾದಷ್ಟೂ ಚುರುಕಾಗುತ್ತದೆ. ಮೇಲು ಹಾಲು ಕೊಟ್ಟು ‘ಎದೆ ತುಂಬಲಿ’ ಎಂದು ಕಾಯುವ ಉಪಾಯ ತಿರುಗುಬಾಣವಾಗುವುದು ಇದಕ್ಕೇ.

ಸರಿಯಾದ ಹಿಡಿತದ ಗುರುತುಗಳು ನಾಲ್ಕು. ಬಾಯಿ ಅಗಲ ತೆರೆದಿರಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ಗದ್ದ ಎದೆಗೆ ತಾಗಿರಬೇಕು. ತೊಟ್ಟಿನ ಸುತ್ತಲ ಕಪ್ಪು ಭಾಗ ಕೂಸಿನ ಮೇಲ್ತುಟಿಯ ಕಡೆ ಹೆಚ್ಚು, ಕೆಳಗೆ ಕಡಿಮೆ ಕಾಣಬೇಕು. ಬರೀ ತೊಟ್ಟನ್ನು ಚೀಪಿದರೆ ಹಾಲು ಬರುವುದಿಲ್ಲ, ತೊಟ್ಟು ಒಡೆದು ನೆತ್ತರು ಬರುತ್ತದೆ, ನೋವಿಗೆ ತಾಯಿ ಹಿಂಜರಿಯುತ್ತಾಳೆ, ಎದೆ ಕಲ್ಲಾಗುತ್ತದೆ. ಒಡೆದ ತೊಟ್ಟಿಗೆ ಹಚ್ಚಲು ಕಡೆಯಲ್ಲಿ ಬಂದ ಹಾಲಿನ ಎರಡು ಹನಿ ಸಾಕು; ಗುಣವಾಗಬೇಕಾದದ್ದು ಹಿಡಿತ. ಮೊದಲ ವಾರಗಳಲ್ಲಿ ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಸಬೇಕು, ಗಡಿಯಾರ ನೋಡಬೇಕಿಲ್ಲ.

ಸಾಲುತ್ತದೆಯೋ ಇಲ್ಲವೋ ಎಂದು ಅಳತೆ ಮಾಡುವುದು ಅಳುವಿನಿಂದಲ್ಲ. ಐದಾರು ದಿನ ಕಳೆದ ಕೂಸು ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ತಿಳಿಯಾಗಿ ಉಚ್ಚೆ ಮಾಡುತ್ತಿದ್ದರೆ, ಹುಟ್ಟಿದ ತೂಕಕ್ಕೆ ಹತ್ತರಿಂದ ಹದಿನಾಲ್ಕು ದಿನದಲ್ಲಿ ಮರಳಿದ್ದರೆ, ಹಾಲು ಸಾಲುತ್ತಿದೆ. ಮೊದಲ ವಾರ ತೂಕ ಸ್ವಲ್ಪ ಇಳಿಯುವುದು ಸಹಜ. ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ತೋರಿಸಬೇಕು. ಉಚ್ಚೆ ಎಣಿಸುವ ಈ ಉಪಾಯ ಗೊತ್ತಿರುವ ಮನೆಯಲ್ಲಿ ಡಬ್ಬಿ ಹಾಲು ಬರುವುದು ವಿರಳ.

ಬಾಣಂತನದ ಬಲ

ಮೊದಲ ಹೆರಿಗೆಗೆ ಮಗಳು ತವರಿಗೆ ಬರುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಗಟ್ಟಿಯಾಗಿ ಉಳಿದಿದೆ. ಎದೆಹಾಲಿನ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ಯಾವ ಸರ್ಕಾರವೂ ರೂಪಿಸಲಾರದು. ಮೂರರಿಂದ ಐದು ತಿಂಗಳು ಮನೆಗೆಲಸವಿಲ್ಲ, ಅಡುಗೆಯಿಲ್ಲ, ಹೊಲವಿಲ್ಲ. ತಾಯಿ ಮಗು ಒಂದೇ ಕೋಣೆಯಲ್ಲಿ, ಒಂದೇ ಹೊರಸಿನ ಮೇಲೆ. ಕೇಳಿದ್ದನ್ನು ಮಾಡಿಕೊಡಲು ಅವ್ವ. ಪಾಶ್ಚಾತ್ಯ ದೇಶಗಳಲ್ಲಿ ಹಣ ಕೊಟ್ಟು ಸಲಹೆಗಾರರನ್ನು ಕರೆಸಿ ಪಡೆಯುವ ಆಸರೆ ಇಲ್ಲಿ ರೂಢಿಯಿಂದಲೇ ಸಿಗುತ್ತದೆ.

ಊಟವೂ ಹಾಗೇ. ಅಂಟಿನ ಉಂಡಿ, ಅಳವಿ ಪಾಯಸ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ, ಮೆಂತ್ಯ, ಉತ್ತತ್ತಿ, ಕೊಬ್ಬರಿ, ತುಪ್ಪ ಹಚ್ಚಿದ ಬಿಸಿ ಜೋಳದ ರೊಟ್ಟಿ. ಇವುಗಳಲ್ಲಿ ಯಾವುದಾದರೂ ಒಂದು ಹಾಲನ್ನು ನೇರವಾಗಿ ಹೆಚ್ಚಿಸುತ್ತದೆಂಬುದಕ್ಕೆ ಪುರಾವೆ ತೆಳು. ಒಟ್ಟಾಗಿ ಅವು ಶಕ್ತಿ, ಕಬ್ಬಿಣ, ಸುಣ್ಣ ಕೊಡುತ್ತವೆಂಬುದರಲ್ಲಿ ಸಂಶಯವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಮೊದಲ ಆರು ತಿಂಗಳು ಹಾಲುಣಿಸುವ ತಾಯಿಗೆ ದಿನಕ್ಕೆ 600 ಕಿಲೊ ಕ್ಯಾಲರಿ ಹೆಚ್ಚು ಬೇಕು. ಆದರೆ ಇದೇ ಬಾಣಂತನದಲ್ಲಿ ಪಥ್ಯವೂ ಇದೆ: ತಂಪು ಎಂದು ಮೊಸರು, ಹಣ್ಣು ಬಿಡಿಸುವುದು, ವಾತ ಎಂದು ಬೇಳೆ ಕಾಯಿಪಲ್ಲೆ ತಗ್ಗಿಸುವುದು. ಉಂಡಿ ಕೊಡುವ ಮನೆ ಮತ್ತು ಹಣ್ಣು ತಡೆಯುವ ಮನೆ ಒಂದೇ. ಸಾಧಾರಣ ಅರೆಹೊಟ್ಟೆಯಲ್ಲಿದ್ದ ತಾಯಿಯ ಎದೆಯಲ್ಲೂ ಹಾಲು ಬರುತ್ತದೆ. ಅದರ ಬೆಲೆಯನ್ನು ಅವಳ ಮೈ ತೆರುತ್ತದೆ.

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆ ಗರ್ಭಿಣಿಯರಿಗೆ, ಹೆರಿಗೆಯಾಗಿ ಆರು ತಿಂಗಳವರೆಗಿನ ತಾಯಂದಿರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಕೊಡುತ್ತದೆ. ಉದ್ದೇಶ ಒಳ್ಳೆಯದು. ಆದರೆ ಅಂಗನವಾಡಿಗೇ ಬಂದು ಕೂತು ಉಣ್ಣಬೇಕೆಂಬ ಕಲ್ಪನೆ ಹಸಿಬಾಣಂತಿ ಹೊಸ್ತಿಲು ದಾಟದ ಸೀಮೆಯಲ್ಲಿ ಹುಟ್ಟಿದ್ದಲ್ಲ. ಊಟ ಮನೆಗೆ ಹೋಗುವಲ್ಲಿ ಯೋಜನೆ ಫಲಿಸುತ್ತದೆ.

ಹೀಗಾಗಿ ಎದೆಹಾಲಿನ ಅಳಿವು ಉಳಿವು ಬಾಣಂತನ ನಡೆಸುವವಳ ಕೈಯಲ್ಲಿದೆ. ಆಸರೆ ಅವಳದೇ, ಗುಟ್ಟಿಯೂ ಅವಳದೇ. ಪೋಸ್ಟರುಗಳು, ಭಾಷಣಗಳು, ಆಗಸ್ಟ್ 1ರಿಂದ 7ರವರೆಗಿನ ಎದೆಹಾಲು ಸಪ್ತಾಹ ಎಲ್ಲವೂ ಇಪ್ಪತ್ತೆರಡು ವರ್ಷದ ಮಗಳೊಂದಿಗೆ ಮಾತಾಡುತ್ತವೆ. ಐವತ್ತರ ಅವ್ವ, ಎಪ್ಪತ್ತರ ಆಯಿ ಇವರೊಂದಿಗೆ ಯಾರೂ ಮಾತಾಡುವುದಿಲ್ಲ. ತಮ್ಮ ಮಕ್ಕಳನ್ನು ಹೊಲದ ಬದುವಿನಲ್ಲಿ ಕೂತು ಮೊಲೆಯೂಡಿಸಿ ಬೆಳೆಸಿದ ಅವರಿಗೆ ಹಾಲಿನ ಮೇಲೆ ನಂಬಿಕೆ ಇಲ್ಲದೆ ಇಲ್ಲ. ನೀರು ಮತ್ತು ಗುಟ್ಟಿಯನ್ನು ಅವರು ಹಾಲಿನ ಎದುರಾಳಿಯೆಂದು ಎಂದೂ ಎಣಿಸಿಲ್ಲ, ಅಷ್ಟೇ.

ಎರಡು ಊರುಗಳ ನಡುವೆ

ಆಶಾ ಕಾರ್ಯಕರ್ತೆ ಆಸ್ಪತ್ರೆ ಹೆರಿಗೆಯಾದ ಕೂಸಿನ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಮೂರನೇ ದಿನದ ಭೇಟಿ ಎಲ್ಲಕ್ಕಿಂತ ಮುಖ್ಯ. ಎದೆ ತುಂಬುವುದೂ ಮನೆಯವರ ಧೈರ್ಯ ಕುಂದುವುದೂ ಅದೇ ಹೊತ್ತಿಗೆ. ಹರಿಯಾಣದ ಹಳ್ಳಿಗಳಲ್ಲಿ ಅಲ್ಲಿನ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಹೆರಿಗೆ, ಲಸಿಕೆ, ಮನೆ ಭೇಟಿ ಎಲ್ಲ ಸಂದರ್ಭದಲ್ಲೂ ಇದೇ ಮಾತನ್ನು ಆಡಿಸಿದಾಗ, ಮೂರು ತಿಂಗಳ ಕೂಸುಗಳಲ್ಲಿ ಎದೆಹಾಲು ಮಾತ್ರ ಕುಡಿಯುವವು ಶೇ. 79ಕ್ಕೆ ಮುಟ್ಟಿದವು, ತರಬೇತಿ ಇಲ್ಲದ ಹಳ್ಳಿಗಳಲ್ಲಿ ಶೇ. 48 ಇದ್ದವು. ಭೇದಿಯೂ ಕಡಿಮೆಯಾಯಿತು. 2003ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ ಹೊಸ ಔಷಧವಾಗಲಿ ಯಂತ್ರವಾಗಲಿ ಬೇಕಾಗಲಿಲ್ಲ.

ಇಲ್ಲಿನ ಒಂದು ಸಿಕ್ಕು ಮಾತ್ರ ತವರಿನ ಪದ್ಧತಿಯಿಂದಲೇ ಬಂದದ್ದು. ಸಿಂದಗಿಯ ಸೊಸೆ ಗಂಡನ ಊರಿನಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯುತ್ತಾಳೆ, ನಾಲತವಾಡದ ತವರಿಗೆ ಬಂದು ಹೆರುತ್ತಾಳೆ. ಒಂದು ಊರಿನ ಆಶಾ ಪಟ್ಟಿಯಲ್ಲಿ ಹೆಸರಿದೆ, ಕೂಸಿಲ್ಲ; ಇನ್ನೊಂದು ಊರಿನಲ್ಲಿ ಕೂಸಿದೆ, ಹೆಸರಿಲ್ಲ. ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಅವಳು ಗಂಡನ ಮನೆಗೆ ಮರಳುವುದು ಇನ್ನೊಂದು ಕವಲು. ಅಲ್ಲಿ ಅತ್ತೆಯ ಮನೆಗೆಲಸ, ಹೊಸ ಕೈಗಳು, ಹೊಸ ಸಲಹೆಗಳು. ಅಂಕಿಗಳಲ್ಲಿ ನಾಲ್ಕೈದನೇ ತಿಂಗಳ ಇಳಿತಕ್ಕೂ ಈ ಪಯಣಕ್ಕೂ ಇರುವ ನಂಟನ್ನು ಯೋಜನೆ ಮಾಡುವವರು ಗಮನಿಸಿದಂತಿಲ್ಲ. 2018ರಲ್ಲಿ ಸೇರಿಸಿದ ಮನೆ ಭೇಟಿಗಳು ಮೂರು, ಆರು, ಒಂಬತ್ತನೇ ತಿಂಗಳು ಹೀಗೆ ಸಾಗುತ್ತವೆ. ಮೂರು ಮತ್ತು ಆರರ ನಡುವಿನ ಹಾದಿ ಖಾಲಿ. ಮಗಳನ್ನು ಕಳಿಸುವ ದಿನ ತವರಿನ ಆಶಾ ಗಂಡನ ಊರಿನ ಆಶಾಗೆ ಫೋನ್ ಮಾಡುವುದು ಕಾಸಿನ ಖರ್ಚಿಲ್ಲದ ಪರಿಹಾರ.

ಕೂಲಿ, ವಲಸೆ, ರಜೆ

2017ರ ತಿದ್ದುಪಡಿಯ ನಂತರ ಮಾತೃತ್ವ ಕಾನೂನು ಮೊದಲೆರಡು ಮಕ್ಕಳಿಗೆ 26 ವಾರಗಳ ಸಂಬಳದ ರಜೆ ಕೊಡುತ್ತದೆ. 50 ಅಥವಾ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ. ನಾಲತವಾಡದಲ್ಲಿ ಇದರ ಫಲ ಮುಟ್ಟುವುದು ಶಾಲೆ, ಬ್ಯಾಂಕು, ಕಚೇರಿಗಳ ಕೆಲವರಿಗೆ. ಅವರಲ್ಲೂ ಹೆರಿಗೆಗೆ ಮುಂಚೆ ಎಂಟು ವಾರ ತೆಗೆದುಕೊಂಡವರ ರಜೆ ಕೂಸಿಗೆ ನಾಲ್ಕು ತಿಂಗಳು ದಾಟುವಷ್ಟರಲ್ಲಿ ತೀರುತ್ತದೆ.

ತೊಗರಿ ಕೊಯ್ಯುವ, ಕಳೆ ತೆಗೆಯುವ ಹೆಂಗಸಿಗೆ ರಜೆ ಕೊಡುವವರಿಲ್ಲ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿ ಕೆಲವೇ ವಾರಗಳ ಕೂಲಿಗೆ ಸಮ. 2005ರ ಉದ್ಯೋಗ ಖಾತರಿ ಕಾಯ್ದೆ, ಐದು ಅಥವಾ ಹೆಚ್ಚು ಸಣ್ಣ ಮಕ್ಕಳಿರುವ ಕಾಮಗಾರಿಯಲ್ಲಿ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಕೂಲಿ ಕೊಟ್ಟು ನೇಮಿಸಬೇಕೆಂದಿತ್ತು. ಕರ್ನಾಟಕ ಸರ್ಕಾರ 2023–24ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿತು. ಎರಡೂ ಗ್ರಾಮ ಪಂಚಾಯಿತಿಗೆ ಸೇರಿದವು; ಪಟ್ಟಣ ಪಂಚಾಯಿತಿಯಾದ ನಾಲತವಾಡದ ಕೂಲಿ ತಾಯಿ, ಹೆಸರಿಗೆ ಪೇಟೆಯವಳಾದದ್ದರಿಂದ, ಈ ನೆರವಿನ ಹೊರಗೆ ಉಳಿಯುತ್ತಾಳೆ.

ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಹೊರಡುವ ಕುಟುಂಬಗಳಲ್ಲಿ ಎರಡು ದಾರಿಗಳಿವೆ. ಕೂಸನ್ನು ಜೊತೆಗೆ ಒಯ್ದರೆ ಎದೆಹಾಲು ಉಳಿಯುತ್ತದೆ. ಲಸಿಕೆ, ಆಶಾ, ಅಂಗನವಾಡಿ ತಪ್ಪುತ್ತವೆ. ಕೂಸನ್ನು ಆಯಿಯ ಬಳಿ ಬಿಟ್ಟರೆ ಲಸಿಕೆ ಉಳಿಯುತ್ತದೆ, ಹಾಲು ತಪ್ಪುತ್ತದೆ. ದಿನಗೂಲಿಗೆ ಸಮೀಪದ ಹೊಲಕ್ಕೆ ಹೋಗುವವರಿಗೆ ಹಾಲು ಹಿಂಡಿಡುವುದು ನಡೆಯುವ ಉಪಾಯ. ಕೈ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲಿಗೆ ಹಿಂಡಿ, ಮುಚ್ಚಿ, ತಂಪಾದ ಮೂಲೆಯಲ್ಲಿಟ್ಟರೆ ಸುಮಾರು ನಾಲ್ಕು ಗಂಟೆ ಕೆಡುವುದಿಲ್ಲ. ಕಡುಬೇಸಿಗೆಯಲ್ಲಿ ಇನ್ನೂ ಬೇಗ ಕುಡಿಸಬೇಕು. ಚಮಚದಿಂದ ಕುಡಿಸಬೇಕು, ಬಾಟಲಿಯಿಂದಲ್ಲ. ಹಿಂಡಿದ ಹಾಲಿಗೆ ದೃಷ್ಟಿ ತಾಗುತ್ತದೆಂಬ ಅಳುಕು ಇದಕ್ಕೆ ಅಡ್ಡ ಬರುತ್ತದೆ; ಸೆರಗು ಮುಚ್ಚಿದ ಬಟ್ಟಲು ಆ ಅಳುಕನ್ನೂ ನೊಣವನ್ನೂ ಒಟ್ಟಿಗೆ ತಡೆಯುತ್ತದೆ.

ಡಬ್ಬಿ ಹಾಲು

1981ರಲ್ಲಿ ವಿಶ್ವ ಆರೋಗ್ಯ ಸಭೆ ಎದೆಹಾಲಿನ ಬದಲಿ ವಸ್ತುಗಳ ಮಾರಾಟಕ್ಕೆ ಸಂಹಿತೆ ಒಪ್ಪಿತು. ಭಾರತ 1992ರಲ್ಲಿ ಕಾಯ್ದೆ ಮಾಡಿ 2003ರಲ್ಲಿ ಬಿಗಿಗೊಳಿಸಿತು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಆಹಾರ, ಬಾಟಲಿಗಳ ಜಾಹೀರಾತು, ಉಚಿತ ಮಾದರಿ, ಆಸ್ಪತ್ರೆಗೆ ಉಡುಗೊರೆ ಎಲ್ಲ ನಿಷಿದ್ಧ. ಟಿವಿಯಲ್ಲಿ ಕೂಸಿನ ಹಾಲಿನ ಪುಡಿಯ ಜಾಹೀರಾತು ಕಾಣದಿರುವುದು ಇದರಿಂದ. ನಾಲತವಾಡದಂಥ ಊರಲ್ಲಿ ಡಬ್ಬಿ ಹಾಲಿನ ಅಪಾಯ ಎರಡು ಪಟ್ಟು: ಬೆಲೆ ಹೆಚ್ಚೆಂದು ಪುಡಿ ಕಡಿಮೆ ಹಾಕಿ ನೀರು ಹೆಚ್ಚು ಬೆರೆಸುತ್ತಾರೆ, ಆ ನೀರು ಕುದಿಸಿದ್ದಾಗಿರುವುದಿಲ್ಲ.

ಕಷ್ಟದ ಸಂದರ್ಭಗಳು

ಕಡಿಮೆ ತೂಕದ, ದಿನ ತುಂಬದ ಕೂಸು ಹೀರಲಾರದು. ಆಗ ತಾಯಿಯ ಹಿಂಡಿದ ಹಾಲು ಮತ್ತು ಕಾಂಗರೂ ಆರೈಕೆ ನೆರವಿಗೆ ಬರುತ್ತವೆ. ಕೂಸನ್ನು ಬಟ್ಟೆಯಿಲ್ಲದೆ ತಾಯಿಯ ಎದೆಯ ಚರ್ಮಕ್ಕೆ ತಾಗಿಸಿ ಕಟ್ಟಿಕೊಳ್ಳುವ ಈ ಕ್ರಮ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ವಿಶ್ವ ಆರೋಗ್ಯ ಸಂಸ್ಥೆಯ ಬಹುಕೇಂದ್ರ ಅಧ್ಯಯನದ ಭಾಗವಾಗಿ ಇದನ್ನು ಸರ್ಕಾರಿ ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ಜಿಲ್ಲೆಯ ಮಟ್ಟದಲ್ಲಿ ನಡೆಸಿ ತೋರಿಸಿದೆ. ಅತ್ತೆ, ಅವ್ವ, ಗಂಡ ಯಾರ ಎದೆಯಾದರೂ ಸರಿ. ಹೀಗಾಗಿ ಇದು ಗಂಡಸರನ್ನೂ ಬಾಣಂತಿ ಕೋಣೆಯೊಳಗೆ ತರುವ ಅಪರೂಪದ ಚಿಕಿತ್ಸೆ. ತಾಯಿಯ ಹಾಲು ಸಿಗದ ಕೂಸುಗಳಿಗೆ ದಾನಿಗಳ ಹಾಲು ಕೊಡುವ ಬ್ಯಾಂಕು ಏಷ್ಯಾದಲ್ಲಿ ಮೊದಲು ಆರಂಭವಾದದ್ದು 1989ರಲ್ಲಿ, ಮುಂಬೈನ ಸಯನ್ ಆಸ್ಪತ್ರೆಯಲ್ಲಿ.

ಎಚ್‌ಐವಿ ಇರುವ ತಾಯಿ ಔಷಧವನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದರೆ ಆರು ತಿಂಗಳು ಎದೆಹಾಲು ಮಾತ್ರ ಕೊಡಬಹುದು. ಎದೆಹಾಲು, ಮೇಲು ಹಾಲು ಎರಡನ್ನೂ ಬೆರೆಸುವುದೇ ಹೆಚ್ಚು ಅಪಾಯ. ಜ್ವರ, ಕಾಮಾಲೆ, ನೆಗಡಿ ಬಂದ ತಾಯಿ ಹಾಲು ನಿಲ್ಲಿಸಬೇಕಿಲ್ಲ. ಮುಟ್ಟು ಮರಳದೆ, ಕೂಸು ಆರು ತಿಂಗಳೊಳಗಿದ್ದು, ಎದೆಹಾಲು ಮಾತ್ರ ಕುಡಿಯುತ್ತಿದ್ದರೆ ಮತ್ತೆ ಗರ್ಭ ನಿಲ್ಲುವ ಸಂಭವ ಶೇ. 2ಕ್ಕಿಂತ ಕಡಿಮೆ. ಈ ಮಾತು ಸೊಸೆಗಿಂತ ಅತ್ತೆಯನ್ನು ಬೇಗ ಒಪ್ಪಿಸುತ್ತದೆಂದು ಅನುಭವಿ ಶುಶ್ರೂಷಕಿಯರು ಬಲ್ಲರು.

ಕುಬಸದ, ಅಂದರೆ ಸೀಮಂತದ ದಿನ ಎರಡೂ ಮನೆಯವರು ಒಂದೇ ಚಪ್ಪರದ ಕೆಳಗೆ ಇರುತ್ತಾರೆ. ಅಂಗನವಾಡಿಗಳಲ್ಲಿ ಸಾಮೂಹಿಕ ಸೀಮಂತವೂ ನಡೆಯುತ್ತದೆ. ಸೀರೆ, ಬಳೆ, ಉಡಿ ತುಂಬುವುದು ಮುಗಿದಮೇಲೆ ಓಣಿಯ ಆಶಾಳನ್ನು ಕರೆಸಿ, ಅವ್ವ ಮತ್ತು ಅತ್ತೆ ಇಬ್ಬರನ್ನೂ ಕೂರಿಸಿ ಮೂರು ಸಂಗತಿ ಇತ್ಯರ್ಥ ಮಾಡಿಕೊಳ್ಳಿರಿ: ಮೊದಲ ಗಂಟೆಯಲ್ಲಿ ಕೂಸನ್ನು ಎದೆಗೆ ಹಾಕಲು ಆಸ್ಪತ್ರೆಯಲ್ಲಿ ಯಾರು ಕೇಳಬೇಕು, ಮೂರನೇ ರಾತ್ರಿ ಕೂಸು ಅತ್ತರೆ ಯಾರಿಗೆ ಫೋನ್ ಮಾಡಬೇಕು, ಮಗಳು ಗಂಡನ ಮನೆಗೆ ಹೋದಮೇಲೆ ಹಗಲು ಎರಡು ಸಲವಾದರೂ ಅವಳ ಕೈಯ ಕೆಲಸವನ್ನು ಯಾರು ಹಿಡಿಯಬೇಕು.